ಹಳೆ ಲಾರಿಗೊಂದು ಹಾಡು: ರೇಡಿಯೋ, ಸ್ಪೀಕರ್, ಏರಿಯಲ್ ಆರಿಸುವುದು ಹೇಗೆ?

ಹಳೆ ಲಾರಿಯನ್ನು ಬಿಚ್ಚಿ, ತಟ್ಟಿ, ಬಣ್ಣ ಹೊಡೆಸಿ ರಸ್ತೆಗೆ ಇಳಿಸಿದವರ ಮುಂದಿನ ಆಸೆ ಸಾಮಾನ್ಯವಾಗಿ ಒಂದೇ: ಕ್ಯಾಬಿನ್ನಿನಲ್ಲಿ ಹಾಡು ಬೇಕು. ಎಲ್ಲರೂ ಮೊದಲು ಹೋಗುವುದು ರೇಡಿಯೋ ಹುಡುಕಿಕೊಂಡು. ಎರಡು ಕ್ರೋಮ್ ಗುಂಡಿ, ನಡುವೆ ಹಸಿರು ಬೆಳಕಿನ ಡಯಲ್ ಇರುವ ಸೆಟ್ ಕಂಡರೆ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ನನ್ನ ಮಾತು ಕೇಳುವುದಾದರೆ ರೇಡಿಯೋ ಕೊನೆಗೆ ಕೊಳ್ಳಿ. ಲಾರಿಯಲ್ಲಿ ಎಷ್ಟು ವೋಲ್ಟ್ ಇದೆ, ಏರಿಯಲ್ ಎಲ್ಲಿ ನಿಲ್ಲುತ್ತದೆ, ಸ್ಪೀಕರ್ ಎಲ್ಲಿ ಕೂರುತ್ತದೆ, ಈ ಮೂರು ಗೊತ್ತಾದರೆ ರೇಡಿಯೋ ಆಯ್ಕೆ ಅರ್ಧ ಮುಗಿದ ಹಾಗೆ. ಉಲ್ಟಾ ಹೋದವರು ಚಂದದ ಸೆಟ್ ತಂದು, ಅದಕ್ಕಾಗಿ ಡ್ಯಾಶ್‌ಬೋರ್ಡ್ ಕೊಯ್ದು, ಕೊನೆಗೆ ಬರೀ ಗೊರಗೊರ ಕೇಳುತ್ತಾ ಕೂರುತ್ತಾರೆ.

ಇಲ್ಲಿ ಹಳೆ ಲಾರಿ ಅಂದರೆ ನಮ್ಮ ಕಡೆ ಇನ್ನೂ ಕೈಗೆ ಸಿಗುವಂಥವು. 1954ರಲ್ಲಿ ಟೆಲ್ಕೋ (ಇಂದಿನ ಟಾಟಾ ಮೋಟಾರ್ಸ್), ಡೈಮ್ಲರ್-ಬೆಂಜ್ ಜೊತೆ ಸೇರಿ ಜಮ್‌ಶೆಡ್‌ಪುರದಲ್ಲಿ ಕಟ್ಟಲು ಶುರು ಮಾಡಿದ ಟಾಟಾ ಮರ್ಸಿಡಿಸ್. ಲೇಲ್ಯಾಂಡ್ ಕಾಮೆಟ್. ಪ್ರೀಮಿಯರ್ ಆಟೋಮೊಬೈಲ್ಸ್‌ನ ಡಾಡ್ಜ್, ಫಾರ್ಗೋ. ಹಿಂದೂಸ್ತಾನ್ ಮೋಟಾರ್ಸ್ ಮಾಡುತ್ತಿದ್ದ ಬೆಡ್‌ಫೋರ್ಡ್. ವಿಲ್ಲಿಸ್ ಜೀಪ್ ತಳಿಯ ಪಿಕಪ್‌ಗಳು. ಅಮೆರಿಕದಲ್ಲಿ ಶೆವರ್ಲೆ, ಫೋರ್ಡ್ ಪಿಕಪ್ ರಿಪೇರಿ ಮಾಡಿಕೊಂಡಿರುವ ನಮ್ಮವರಿಗೂ ಬಹುಪಾಲು ಇದೇ ಲೆಕ್ಕ. ಕ್ಯಾಬಿನ್ ವಿಷಯ ಮಾತ್ರ ಬೇರೆ, ಅದನ್ನು ಮುಂದೆ ಹೇಳುತ್ತೇನೆ.

ಒಂದು ಮಾತು ಮೊದಲೇ. 'ಒರಿಜಿನಲ್ ರೇಡಿಯೋ' ಹುಡುಕುತ್ತಾ ವರ್ಷಗಟ್ಟಲೆ ಅಲೆಯುವವರಿದ್ದಾರೆ. ನಮ್ಮ ಲಾರಿಗಳ ಮಟ್ಟಿಗೆ ಆ ಮಾತಿಗೆ ಅರ್ಥ ಕಮ್ಮಿ. ಅಮೆರಿಕದ ಪಿಕಪ್‌ಗೆ ಕಂಪನಿಯೇ ರೇಡಿಯೋ ಮಾರುತ್ತಿತ್ತು, ಡ್ಯಾಶಿನಲ್ಲಿ ಅದಕ್ಕೆಂದೇ ಜಾಗ ಬಿಡುತ್ತಿತ್ತು. ನಮ್ಮಲ್ಲಿ ಲಾರಿ ಅಂದರೆ ಚಾಸಿ, ಇಂಜಿನ್, ಮುಂದೊಂದು ಮೂತಿ, ಅಷ್ಟೇ. ಉಳಿದದ್ದನ್ನು ಬಾಡಿ ಕಟ್ಟುವವರು ಕಟ್ಟುತ್ತಿದ್ದರು. ಡ್ರೈವರ್ ಒಂದು ಟ್ರಾನ್ಸಿಸ್ಟರ್ ನೇತುಹಾಕಿಕೊಳ್ಳುತ್ತಿದ್ದ. ಆಮೇಲೆ ಕ್ಯಾಸೆಟ್ ಡೆಕ್ ಬಂತು, ಗಾಜಿನ ಮೇಲಿನ ಹಲಗೆಯಲ್ಲಿ ಕೂತಿತು. ಹಾಗಾಗಿ ಯಾವುದೋ ಅಮೆರಿಕನ್ ವಾಲ್ವ್ ಸೆಟ್ (ಟ್ರಾನ್ಸಿಸ್ಟರ್ ಬರುವ ಮುಂಚಿನ, ಗಾಜಿನ ವಾಲ್ವ್‌ಗಳಿಂದ ನಡೆಯುವ ರೇಡಿಯೋ) ತಂದು ಟಾಟಾ ಲಾರಿಗೆ ಹಾಕಿದರೆ ಅದು ಚಂದ ಕಾಣಬಹುದು, ಒರಿಜಿನಲ್ ಆಗುವುದಿಲ್ಲ. ಈ ಹಂಗು ಬಿಟ್ಟರೆ ಆಯ್ಕೆ ಸಲೀಸು.

6, 12, 24: ಯಾವ ಕರೆಂಟ್?

ಬ್ಯಾಟರಿಯ ಮುಚ್ಚಳ ಎಣಿಸಿ. ಮೂರು ಇದ್ದರೆ 6 ವೋಲ್ಟ್, ಆರು ಇದ್ದರೆ 12. ಎರಡು ಬ್ಯಾಟರಿ ಕಂಡ ಕೂಡಲೇ 24 ಅಂತ ತೀರ್ಮಾನಿಸಬೇಡಿ. ಒಂದರ ಪ್ಲಸ್ ಇನ್ನೊಂದರ ಮೈನಸ್‌ಗೆ ಹೋಗಿದ್ದರೆ ವೋಲ್ಟ್ ಕೂಡುತ್ತದೆ. ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿದ್ದರೆ ವೋಲ್ಟ್ ಅಷ್ಟೇ ಇರುತ್ತದೆ, ಶಕ್ತಿ ಮಾತ್ರ ಜಾಸ್ತಿ. ಮಲ್ಟಿಮೀಟರ್ ಇಟ್ಟು ನೋಡಿಬಿಟ್ಟರೆ ಅನುಮಾನವೇ ಇರುವುದಿಲ್ಲ. ಇಂಜಿನ್ ಓಡುವಾಗಲೂ ಒಮ್ಮೆ ನೋಡಿ. 12ರ ಲಾರಿಯಲ್ಲಿ 14ರ ಆಸುಪಾಸು, 24ರಲ್ಲಿ 28ರ ಆಸುಪಾಸು ಬರಬೇಕು. ಅದಕ್ಕಿಂತ ತುಂಬ ಜಾಸ್ತಿ ಬಂದರೆ ಬ್ಯಾಟರಿಗೆ ಹೋಗುವ ಚಾರ್ಜನ್ನು ಹತೋಟಿಯಲ್ಲಿಡುವ ಕಟ್‌ಔಟ್ ಸರಿ ಮಾಡಿಸದೆ ಯಾವ ರೇಡಿಯೋನೂ ಹಾಕಬೇಡಿ.

12 ಇದ್ದರೆ ಅದೃಷ್ಟ, ಏನು ಬೇಕಾದರೂ ಹಾಕಬಹುದು. 24 ಇದ್ದರೆ ಎರಡು ದಾರಿ. ಒಂದು, ಎರಡು ಬ್ಯಾಟರಿಯಲ್ಲಿ ಒಂದರಿಂದ ಮಾತ್ರ ವೈರ್ ಎಳೆಯುವುದು. ಲಾರಿ ಶೆಡ್‌ಗಳಲ್ಲಿ ಇದನ್ನೇ ಮಾಡಿಕೊಡುತ್ತಾರೆ, ಖರ್ಚೂ ಇಲ್ಲ. ಆದರೆ ರೇಡಿಯೋ ಹೊತ್ತ ಬ್ಯಾಟರಿ ದಿನವೂ ಸ್ವಲ್ಪ ಜಾಸ್ತಿ ಖಾಲಿಯಾಗುತ್ತದೆ, ಡೈನಮೋ ಎರಡಕ್ಕೂ ಒಂದೇ ಸಮ ತುಂಬುತ್ತದೆ. ಒಂದು ಬಡವಾಗುತ್ತದೆ, ಇನ್ನೊಂದು ಕುದಿಯುತ್ತದೆ. ವರ್ಷದೊಳಗೆ ಜೋಡಿಯೇ ಕೆಡಬಹುದು. ಎರಡನೇ ದಾರಿ 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್, 10 ಆಂಪಿಯರ್‌ನದ್ದು. ಎರಡು ಬ್ಯಾಟರಿಯ ಬೆಲೆ ಲೆಕ್ಕ ಹಾಕಿದರೆ ಇದೇ ಅಗ್ಗ.

6 ವೋಲ್ಟ್‌ನಲ್ಲಿ ಕಷ್ಟ ಬೇರೆ ಥರ. 12ಕ್ಕೆ ಏರಿಸುವ ಕನ್ವರ್ಟರ್ ಸಿಗುತ್ತದೆ. ಆದರೆ ರೇಡಿಯೋ 12ರಲ್ಲಿ 5 ಆಂಪಿಯರ್ ಕೇಳಿದರೆ ಕನ್ವರ್ಟರಿನ ನಷ್ಟವೂ ಸೇರಿ ಬ್ಯಾಟರಿ ಕಡೆಯಿಂದ ಸುಮಾರು 12 ಆಂಪಿಯರ್ ಹೋಗುತ್ತದೆ. ಹಳೇ ಡೈನಮೋ ಅದನ್ನೂ ಕೊಟ್ಟು ಹೆಡ್‌ಲೈಟನ್ನೂ ಉರಿಸುವುದು ಕಷ್ಟ. ಇಂಜಿನ್ ನಿಧಾನಕ್ಕೆ ಓಡುವಾಗ ಡೈನಮೋ ಏನೂ ತುಂಬುವುದೇ ಇಲ್ಲ ಅನ್ನುವುದೂ ನೆನಪಿರಲಿ. 6ರ ಲಾರಿಯನ್ನು 6ರಲ್ಲೇ ಇಟ್ಟುಕೊಳ್ಳಬೇಕು ಅನ್ನುವವರಿಗೆ ಸಣ್ಣ ಸೆಟ್ಟೇ ಸರಿ.

ಇನ್ನೊಂದು ಸಂಗತಿ ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ: ಯಾವ ಕಡೆ ಅರ್ತ್ ಆಗಿದೆ ಅನ್ನುವುದು. ಇವತ್ತಿನ ಗಾಡಿಗಳಲ್ಲಿ ಮೈನಸ್ ಬಾಡಿಗೆ ಸೇರಿರುತ್ತದೆ. ಹಳೇ ಬ್ರಿಟಿಷ್ ತಳಿಯ ಎಷ್ಟೋ ಗಾಡಿಗಳಲ್ಲಿ, 1955ರ ತನಕದ ಡಾಡ್ಜ್, ಫಾರ್ಗೋ, ಫೋರ್ಡ್‌ಗಳಲ್ಲಿ ಪ್ಲಸ್ ಬಾಡಿಗೆ ಹೋಗುತ್ತದೆ. ಶೆವರ್ಲೆ, ವಿಲ್ಲಿಸ್ ಮೊದಲಿನಿಂದಲೂ ಮೈನಸ್. ಬ್ಯಾಟರಿ ಮೇಲಿನ ಗುರುತು ಅಳಿಸಿಹೋಗಿದ್ದರೆ ಎರಡು ಕಂಬಗಳನ್ನು ಕೈಯಲ್ಲಿ ಹಿಡಿದು ನೋಡಿ, ಪ್ಲಸ್ ಕಂಬ ಸ್ವಲ್ಪ ದಪ್ಪ. ಅದರಿಂದ ಹೊರಟ ಪಟ್ಟಿ ಚಾಸಿಗೆ ಹೋಗಿದ್ದರೆ ನಿಮ್ಮದು ಪ್ಲಸ್ ಅರ್ತ್.

ಹೊಸ ರೇಡಿಯೋದ ತಗಡಿನ ಮೈಯೇ ಮೈನಸ್. ಪ್ಲಸ್ ಅರ್ತ್ ಲಾರಿಯಲ್ಲಿ ಅದನ್ನು ಬೋಲ್ಟ್ ಹಾಕಿ ಬಿಗಿದರೆ ಆ ಕ್ಷಣವೇ ಶಾರ್ಟ್. ರಬ್ಬರ್ ಇಟ್ಟು ಮೈಯನ್ನು ಬೇರೆ ಮಾಡಿದರೂ ಸಾಲದು. ಏರಿಯಲ್ ಕೇಬಲ್ಲಿನ ಹೊರಜಾಲರಿ ರೇಡಿಯೋ ಮೈಗೇ ಸೇರಿರುತ್ತದೆ, ಅದು ಮಡ್‌ಗಾರ್ಡ್ ಮುಟ್ಟಿದರೂ ಅದೇ ಕತೆ. ಒಂದೋ ಒಳಬದಿ-ಹೊರಬದಿಗೆ ನೇರ ಸಂಪರ್ಕವೇ ಇಲ್ಲದ, ಐಸೊಲೇಟೆಡ್ ಅಂತ ಬರೆದಿರುವ ಕನ್ವರ್ಟರ್ ಹಾಕಬೇಕು. ಇಲ್ಲ ಲಾರಿಯನ್ನೇ ಮೈನಸ್ ಅರ್ತ್‌ಗೆ ತಿರುಗಿಸಬೇಕು. ತಿರುಗಿಸುವುದು ಹೆದರಿಸುವಷ್ಟು ದೊಡ್ಡ ಕೆಲಸ ಅಲ್ಲ. ಬ್ಯಾಟರಿ ತಿರುಗಿಸಿ, ಇಗ್ನಿಷನ್ ಕಾಯಿಲ್ ಮತ್ತು ಆಂಪಿಯರ್ ಮೀಟರ್ ವೈರ್ ಅದಲು ಬದಲು ಮಾಡಿ, ಡೈನಮೋದ ಫೀಲ್ಡ್ ಸುರುಳಿಗೆ ಹೊಸ ದಿಕ್ಕು ಕಲಿಸಬೇಕು. ಸೆಲ್ಫ್ ಮೋಟಾರ್ ಎಂದಿನಂತೆಯೇ ತಿರುಗುತ್ತದೆ. ಡೈನಮೋ ಕೆಲಸ ಗೊತ್ತಿರುವ ಹಳಬ ಎಲೆಕ್ಟ್ರಿಷಿಯನ್ ಹತ್ತಿರ ಮಾಡಿಸಿ. ಡೈನಮೋ ಜಾಗಕ್ಕೆ ಆಲ್ಟರ್ನೇಟರ್ ಬಂದಮೇಲೆ ಕೆಲಸ ಕಲಿತ ಹುಡುಗರಿಗೆ ಇದರ ಪರಿಚಯ ಕಮ್ಮಿ.

ಏರಿಯಲ್: ಮರದ ಕ್ಯಾಬಿನ್ ಕೊಡುವ ಕಾಟ

ಏರಿಯಲ್ ಅಂದರೆ ಬರೀ ಮೇಲೆದ್ದ ಕಡ್ಡಿ ಅಂತ ಎಲ್ಲರ ಎಣಿಕೆ. ಅದು ಅರ್ಧ ಮಾತ್ರ. ಇನ್ನರ್ಧ ಅದರ ಕೆಳಗಿನ ಲೋಹ. ಕಾರಿನಲ್ಲಿ, ಅಮೆರಿಕನ್ ಪಿಕಪ್‌ನಲ್ಲಿ ಇಡೀ ಮೈ ಉಕ್ಕು, ಎಲ್ಲಿ ನಿಲ್ಲಿಸಿದರೂ ನಡೆಯುತ್ತದೆ. ನಮ್ಮ ಹಳೇ ಲಾರಿಯ ಕ್ಯಾಬಿನ್ ಮರದ ಚೌಕಟ್ಟು, ಮೇಲೆ ತಗಡಿನ ಹೊದಿಕೆ. ಆ ತಗಡಿನ ಹಾಳೆಗಳು ಮೊಳೆ ಹೊಡೆದು ಮರಕ್ಕೆ ಅಂಟಿಕೊಂಡಿರುತ್ತವೆ, ಒಂದಕ್ಕೊಂದು ಸರಿಯಾಗಿ ಸೇರಿರುವುದಿಲ್ಲ, ಚಾಸಿಗಂತೂ ಸಂಬಂಧವೇ ಇರುವುದಿಲ್ಲ. ಅಂಥ ಚಾವಣಿಯ ಮೇಲೆ ಎಷ್ಟೇ ದುಬಾರಿ ಏರಿಯಲ್ ನೆಟ್ಟರೂ ಅದು ಗಾಳಿಯಲ್ಲಿ ನಿಂತ ಹಾಗೆ. ರೇಡಿಯೋ ಕೆಟ್ಟಿದೆ ಅಂತ ಜನ ರೇಡಿಯೋ ಬದಲಾಯಿಸುತ್ತಾರೆ. ಗೊರಗೊರ ಹಾಗೇ ಇರುತ್ತದೆ.

ಮೂತಿ ಲಾರಿಗೆ ನನ್ನ ಮೊದಲ ಆಯ್ಕೆ ಮುಂದಿನ ಮಡ್‌ಗಾರ್ಡ್ ಅಥವಾ ಮೂತಿಯ ಪಕ್ಕ. ಅದು ಕಂಪನಿಯ ಉಕ್ಕು, ಚಾಸಿಗೆ ಬೋಲ್ಟ್ ಆಗಿರುತ್ತದೆ. ತೂತಿನ ಒಳಬದಿಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗದ ಬಣ್ಣ ಕೆರೆದು ಲೋಹ ಹೊಳೆಯುವಂತೆ ಮಾಡಿ, ಹಲ್ಲಿನ ವಾಷರ್ ಹಾಕಿ ಬಿಗಿಯಿರಿ. ಏರಿಯಲ್ ಬುಡದಿಂದ ಬ್ಯಾಟರಿಯ ಅರ್ತ್ ಕಂಬಕ್ಕೆ ಮೀಟರ್ ಇಟ್ಟರೆ 1 ಓಮ್‌ಗಿಂತ ಕಮ್ಮಿ ತೋರಿಸಬೇಕು. ಆಮೇಲೆ ಸುತ್ತ ಸ್ವಲ್ಪ ಗ್ರೀಸ್ ಸವರಿ, ಇಲ್ಲವಾದರೆ ಮುಂದಿನ ಮಳೆಗಾಲಕ್ಕೆ ತುಕ್ಕು.

ಮಡ್‌ಗಾರ್ಡ್‌ಗೆ ತೂತು ಹೊಡೆಯಲು ಮನಸ್ಸಿಲ್ಲ ಅನ್ನುವವರಿಗೆ ಕನ್ನಡಿಯ ಕಬ್ಬಿಣದ ತೋಳು ಒಳ್ಳೆ ಜಾಗ. ಕ್ಲಾಂಪ್ ಹಾಕಿ ನಿಲ್ಲಿಸಬಹುದು, ಎತ್ತರವೂ ಸಿಗುತ್ತದೆ. ಆದರೆ ಆ ತೋಳು ಮರಕ್ಕೆ ಸ್ಕ್ರೂ ಆಗಿದ್ದರೆ ಅಲ್ಲಿಂದ ಚಾಸಿಗೆ ತಾಮ್ರದ ಹೆಣೆದ ಪಟ್ಟಿಯೊಂದನ್ನು ಎಳೆಯಲೇಬೇಕು. ಪಟ್ಟಿ ಚಿಕ್ಕದಾದಷ್ಟೂ, ಅಗಲವಾದಷ್ಟೂ ಒಳ್ಳೆಯದು.

ಗಾಜಿಗೆ ಒಳಗಿನಿಂದ ಅಂಟಿಸುವ ಪಟ್ಟಿ ಏರಿಯಲ್ ಬಗ್ಗೆ ಕಾರಿನವರು ಮೂಗು ಮುರಿಯುತ್ತಾರೆ. ಲಾರಿಯಲ್ಲಿ ಅದಕ್ಕೆ ಬೆಲೆ ಇದೆ. ಎರಡು ತೋಳಿನ ಮಾದರಿ ತಂದರೆ ಕೆಳಗೆ ಲೋಹ ಬೇಕಿಲ್ಲ, ತೂತೂ ಬೇಕಿಲ್ಲ. ಊರಿನ ಸುತ್ತಮುತ್ತ ಎಫ್‌ಎಂ ಕೇಳುವುದಕ್ಕೆ ಸಾಕು. ಎಎಂಗೆ, ಅಂದರೆ ಹಳೇ ಮೀಡಿಯಂ ವೇವ್‌ಗೆ, ಮಾತ್ರ ಅದು ಉಪಯೋಗಕ್ಕೆ ಬಾರದು. ಸೀಟಿನ ಕೆಳಗೆ ಬಚ್ಚಿಡುವ ಏರಿಯಲ್ ಕೂಡ ಮಾರುತ್ತಾರೆ, ಹಣ ಜಾಸ್ತಿ ಇದ್ದರೆ ಕೊಳ್ಳಿ.

ಉದ್ದ ಎಷ್ಟು? 100 ಮೆಗಾಹರ್ಟ್ಸ್‌ನ ಅಲೆ 3 ಮೀಟರ್, ಅದರ ಕಾಲು ಭಾಗ 75 ಸೆಂಟಿಮೀಟರ್. ಎಫ್‌ಎಂಗೆ ಅಷ್ಟು ಸಾಕು. ಎಎಂಗೆ ಎಷ್ಟು ಉದ್ದ ಇದ್ದರೆ ಅಷ್ಟು ಒಳ್ಳೆಯದು, ಆದರೆ ರಸ್ತೆಬದಿಯ ಹುಣಸೆ ಕೊಂಬೆಗಳು ಒಪ್ಪಬೇಕಲ್ಲ. ಮಡಿಚಿ ಎಳೆಯುವ ಕಡ್ಡಿಯಾದರೆ ಎರಡಕ್ಕೂ ಆಗುತ್ತದೆ. ಬುಡದಲ್ಲಿ ಸ್ಪ್ರಿಂಗ್ ಇದ್ದರೆ ಇನ್ನೂ ವಾಸಿ.

ಕೇಬಲ್ ವಿಷಯದಲ್ಲಿ ಉಳಿತಾಯ ಬೇಡ. ಮನೆಯಲ್ಲಿ ಮಿಕ್ಕ ಟಿವಿ ಕೇಬಲ್ ಜೋಡಿಸಿದರೆ ಎಫ್‌ಎಂ ಹೇಗೋ ನಡೆದೀತು, ಎಎಂ ಸತ್ತೇಹೋಗುತ್ತದೆ. ಗಾಡಿ ಏರಿಯಲ್‌ಗೆ ಬರುವ ತೆಳ್ಳಗಿನ ಕೇಬಲ್ಲೇ ಬೇರೆ, ಅದರೊಳಗಿನ ತಂತಿ ಕೂದಲೆಳೆಯಷ್ಟಿರುತ್ತದೆ. ಬಗ್ಗಿಸುವಾಗ ಜೋಪಾನ. ಜಾಸ್ತಿ ಉಳಿದರೆ ಕತ್ತರಿಸಬೇಡಿ, ದೊಡ್ಡ ಸುತ್ತು ಹಾಕಿ ಕಟ್ಟಿಡಿ.

ರೇಡಿಯೋ: ಐದು ದಾರಿ

ಮೊದಲನೆಯದು ಹಳೇ ವಾಲ್ವ್ ಸೆಟ್ಟನ್ನೇ ಜೀವಂತ ಮಾಡುವುದು. ಸ್ವಿಚ್ ತಿರುಗಿಸಿದರೆ ಅರ್ಧ ನಿಮಿಷ ಏನೂ ಇಲ್ಲ. ಒಳಗೆ ವೈಬ್ರೇಟರ್ ಜೇನುಹುಳದಂತೆ ಗುಂಯ್ ಅನ್ನುತ್ತದೆ. ಬ್ಯಾಟರಿಯ ಕರೆಂಟನ್ನು ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಕಡಿದು ಕೊಡುವುದು ಅದರ ಕೆಲಸ, ಆಗ ಟ್ರಾನ್ಸ್‌ಫಾರ್ಮರ್ ಅದನ್ನು 200 ವೋಲ್ಟ್ ದಾಟಿಸುತ್ತದೆ. ಆಮೇಲೆ ನಿಧಾನಕ್ಕೆ ಡಯಲ್ ಬೆಳಗಿ, ದೂರದಿಂದ ಬಂದ ಹಾಗೆ ಧ್ವನಿ ಏಳುತ್ತದೆ. ಆ ಧ್ವನಿಯ ದುಂಡುತನ ಹೊಸ ಸೆಟ್‌ಗಳಲ್ಲಿ ಇಲ್ಲ, ಒಪ್ಪುತ್ತೇನೆ. ಆದರೆ ಒಳಗೆ ಕರೆಂಟ್ ಹಿಡಿದಿಡುವ ಮೇಣದ ಕಾಗದದ ಕಂಡೆನ್ಸರ್‌ಗಳನ್ನೆಲ್ಲ ಬದಲಿಸಬೇಕು. ಅದರಲ್ಲೂ ಟ್ರಾನ್ಸ್‌ಫಾರ್ಮರ್ ಪಕ್ಕದ ಬಫರ್ ಕಂಡೆನ್ಸರ್ ಬದಲಿಸದೆ ಕರೆಂಟ್ ಕೊಟ್ಟರೆ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು, ಅದಕ್ಕೆ ಬದಲಿ ಸಿಗುವುದು ಕಷ್ಟ. 200 ವೋಲ್ಟ್ ಅಂದೆನಲ್ಲ, ಸ್ವಿಚ್ ಆರಿಸಿದ ಮೇಲೂ ಕಂಡೆನ್ಸರ್‌ನಲ್ಲಿ ಅದು ಉಳಿದಿರುತ್ತದೆ. ಗೊತ್ತಿಲ್ಲದವರು ಕೈ ಹಾಕಬಾರದು. ಊರಿನಲ್ಲಿ ಹಳೇ ಮರ್ಫಿ, ಫಿಲಿಪ್ಸ್ ವಾಲ್ವ್ ಸೆಟ್ ರಿಪೇರಿ ಮಾಡುವ ಹಿರಿಯರೊಬ್ಬರಿದ್ದರೆ ಅವರನ್ನು ಹಿಡಿಯಿರಿ.

ಇದಕ್ಕಿಂತ ದೊಡ್ಡ ಪ್ರಶ್ನೆ ಒಂದಿದೆ: ಆ ಸೆಟ್ಟಿನಲ್ಲಿ ಕೇಳುವುದಕ್ಕೆ ಏನಿದೆ? ಅದು ಹಿಡಿಯುವುದು ಮೀಡಿಯಂ ವೇವ್ ಮಾತ್ರ. ಬೆಂಗಳೂರಿನ 612, ಧಾರವಾಡದ 765, ಭದ್ರಾವತಿಯ 675 ಕಿಲೋಹರ್ಟ್ಸ್‌ಗಳನ್ನು ಕೇಳುತ್ತಾ ಬೆಳೆದವರು ನಾವು. ಆದರೆ ಪ್ರಸಾರ ಭಾರತಿ ಈಚಿನ ವರ್ಷಗಳಲ್ಲಿ ದೇಶದ ಹಲವು ಮೀಡಿಯಂ ವೇವ್ ಟ್ರಾನ್ಸ್‌ಮಿಟರ್‌ಗಳನ್ನು ಮುಚ್ಚುತ್ತಾ ಬಂದಿದೆ. ಹಾಗಾಗಿ ಖರ್ಚಿಗೆ ಇಳಿಯುವ ಮುಂಚೆ ಒಂದು ಸಣ್ಣ ಟ್ರಾನ್ಸಿಸ್ಟರ್ ಹಿಡಿದು ನೀವು ಓಡಾಡುವ ದಾರಿಯಲ್ಲಿ ಹಗಲು ಒಮ್ಮೆ, ರಾತ್ರಿ ಒಮ್ಮೆ ಡಯಲ್ ತಿರುಗಿಸಿ ನೋಡಿ. ರಾತ್ರಿ ದೂರದೂರದ ಸ್ಟೇಷನ್‌ಗಳು ಬರುತ್ತವೆ, ಹಗಲು ನಿಮ್ಮ ಹತ್ತಿರದ್ದು ಮಾತ್ರ. ಹಗಲು ಒಂದೂ ಸಿಗದಿದ್ದರೆ ವಾಲ್ವ್ ಸೆಟ್ ಬರೀ ಅಲಂಕಾರ.

ಎರಡನೆಯ ದಾರಿ ಹಳೇ ಸೆಟ್ಟಿನ ಮೈ ಉಳಿಸಿ ಒಳಗನ್ನು ಬದಲಿಸುವುದು. ಡಯಲ್, ಗುಂಡಿ, ಮುಳ್ಳು ಹಾಗೇ ಇರುತ್ತವೆ. ಒಳಗೆ ಎಫ್‌ಎಂ, ಬ್ಲೂಟೂತ್ ಇರುವ ಬೋರ್ಡ್ ಕೂರುತ್ತದೆ. ಅಮೆರಿಕದಲ್ಲಿ ಇದಕ್ಕೆಂದೇ ಮಾಡಿದ ಬೋರ್ಡ್‌ಗಳಿವೆ. ಹಳೇ ಗುಂಡಿಯಿಂದಲೇ ಸ್ಟೇಷನ್ ಹುಡುಕಬಹುದು. ನಮ್ಮಲ್ಲಿ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸಿಗುವ ಬ್ಲೂಟೂತ್ ಕಿಟ್ ಹಾಕಿ ಮಾಡಿಕೊಡುವವರು ಸಿಗುತ್ತಾರೆ. ಆ ಅಗ್ಗದ ಕಿಟ್‌ನ ಎಫ್‌ಎಂ ಮೇಲೆ ಆಸೆ ಇಡಬೇಡಿ, ಹಾಡಿಗೆ ಮಾತ್ರ ಅದು ಸರಿ. ಸತ್ತ ಸೆಟ್‌ಗೆ ಇದು ಒಳ್ಳೆಯದು. ಬದುಕಿರುವ ಸೆಟ್ಟಿನ ಹೊಟ್ಟೆ ಕೊಯ್ಯುವುದು ನನಗೆ ಒಪ್ಪಿಗೆ ಇಲ್ಲ. ಮಾಡಿಸಿದರೂ ತೆಗೆದ ಭಾಗಗಳನ್ನೆಲ್ಲ ಒಂದು ಡಬ್ಬಿಯಲ್ಲಿ ಎತ್ತಿಡಿ.

ಮೂರನೆಯದು ಹಳೇ ಮುಖದ ಹೊಸ ಸೆಟ್. ರೆಟ್ರೋಸೌಂಡ್, ಕಸ್ಟಮ್ ಆಟೋಸೌಂಡ್‌ನಂಥ ಅಮೆರಿಕನ್ ಕಂಪನಿಗಳು ಮಾಡುತ್ತವೆ. ಎರಡು ಗುಂಡಿಯ ಕಡ್ಡಿಗಳ ನಡುವಿನ ಅಂತರವನ್ನು ಹಿಂದೆ ಮುಂದೆ ಮಾಡಿಕೊಳ್ಳಬಹುದಾದ ಮಾದರಿಗಳಿವೆ, ಹಾಗಾಗಿ ಹಳೇ ತೂತಿಗೇ ಕೂರುತ್ತವೆ. ಶೆವರ್ಲೆ, ಫೋರ್ಡ್, ಡಾಡ್ಜ್‌ನ ಡ್ಯಾಶಿನಲ್ಲಿ ರೇಡಿಯೋ ಜಾಗ ಖಾಲಿ ಬಿದ್ದಿದ್ದರೆ ಇದಕ್ಕಿಂತ ಚಂದದ್ದು ಇಲ್ಲ.

ಆದರೆ ತರಿಸುವ ಮೊದಲು ಒಂದು ಪರೀಕ್ಷೆ. ಅಮೆರಿಕದಲ್ಲಿ ಎಎಂ ಸ್ಟೇಷನ್‌ಗಳು 10 ಕಿಲೋಹರ್ಟ್ಸ್ ಅಂತರದಲ್ಲಿರುತ್ತವೆ, ನಮ್ಮಲ್ಲಿ 9. ಅಲ್ಲಿನ ಸೆಟ್ 610 ಮೇಲೆ ನಿಲ್ಲುತ್ತದೆ, 620ಕ್ಕೆ ಹಾರುತ್ತದೆ, 612 ಸರಿಯಾಗಿ ಸಿಗುವುದೇ ಇಲ್ಲ. ಎಫ್‌ಎಂನಲ್ಲಿ ಇನ್ನೂ ತಮಾಷೆ. ಅಲ್ಲಿ ಪಾಯಿಂಟ್ ಆದ ಮೇಲೆ ಬೆಸ ಅಂಕಿ ಮಾತ್ರ. ಬೆಂಗಳೂರಿನ ವಿವಿಧ ಭಾರತಿ 102.9, ರೇನ್‌ಬೋ 101.3 ಸಿಗುತ್ತವೆ. ಮೈಸೂರು ಆಕಾಶವಾಣಿ 100.6ರಲ್ಲಿ, ಹಾಸನ 102.2ರಲ್ಲಿ ಇದೆ. ಅಮೆರಿಕನ್ ಸೆಟ್ 100.5ರಿಂದ 100.7ಕ್ಕೆ ಜಿಗಿದುಬಿಡುತ್ತದೆ! ಎಷ್ಟೋ ಸೆಟ್‌ಗಳಲ್ಲಿ ದೇಶ ಬದಲಿಸುವ ವ್ಯವಸ್ಥೆ ಮೆನುವಿನಲ್ಲೇ ಇರುತ್ತದೆ. ಇದೆಯೋ ಇಲ್ಲವೋ ಕೇಳಿ, ಬರೆದುಕೊಟ್ಟ ಮೇಲೆ ದುಡ್ಡು ಕೊಡಿ. ಗುಜರಿಯಲ್ಲಿ ಸಿಗುವ ಜಪಾನಿನ ಸೆಟ್‌ಗಳಲ್ಲಿ ಇನ್ನೊಂದು ಬಲೆ. ಅಲ್ಲಿನ ಹಳೇ ಎಫ್‌ಎಂ ಬ್ಯಾಂಡ್ 76ರಿಂದ 90 ಮೆಗಾಹರ್ಟ್ಸ್. ನಮ್ಮ ಸ್ಟೇಷನ್‌ಗಳು ಬಹುತೇಕ 90ರ ಆಚೆ. ನೋಡುವುದಕ್ಕೆ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಬಿಟ್ಟುಬಿಡಿ.

ನಾಲ್ಕನೆಯದು ಸಾಮಾನ್ಯ ಕಾರ್ ಸ್ಟೀರಿಯೋ. ಬೆಂಗಳೂರಿನ ಜೆಸಿ ರಸ್ತೆಯಲ್ಲಿ ಯಾವ ಅಂಗಡಿಗೆ ಹೋದರೂ ಸಿಗುತ್ತದೆ, ಕೆಟ್ಟರೆ ರಿಪೇರಿಯೂ ಸುಲಭ. ಮುಖ ಸುಮಾರು 18 ಸೆಂಟಿಮೀಟರ್ ಅಗಲ, 5 ಸೆಂಟಿಮೀಟರ್ ಎತ್ತರ. ಸಿಡಿ ಇಲ್ಲದ ಈಗಿನ ಮಾದರಿಗಳು ಹಿಂದಕ್ಕೆ ಗಿಡ್ಡವಾಗಿರುತ್ತವೆ, ಹಳೇ ಲಾರಿಗೆ ಅದು ವರ. ಇದನ್ನು ಹಳೇ ಡ್ಯಾಶಿಗೆ ಕೊಯ್ದು ಕೂರಿಸುವುದು ಮಾತ್ರ ಪಾಪದ ಕೆಲಸ. ಗಾಜಿನ ಮೇಲಿನ ಹಲಗೆಯಲ್ಲಿ ಹಾಕಿ. ಲಾರಿಗೆ ಅದೇ ವಾಡಿಕೆ, ಇಂಜಿನ್ ಬಿಸಿಯೂ ತಟ್ಟುವುದಿಲ್ಲ, ಗಾಜಿನ ರಬ್ಬರ್ ಸೋರಿದರೂ ನೀರು ಕೆಳಗೆ ಹೋಗುತ್ತದೆ. ಮುಖಕ್ಕೆ ಹಲಗೆಯ ಬಣ್ಣದ ಮುಚ್ಚಳ ಮಾಡಿಸಿಬಿಟ್ಟರೆ ಯಾರಿಗೂ ಕಾಣುವುದಿಲ್ಲ. ಅಗ್ಗದ ಎಷ್ಟೋ ಮಾದರಿಗಳಲ್ಲಿ ಎಎಂ ಇರುವುದೇ ಇಲ್ಲ, ಡಬ್ಬಿ ಓದಿ ತನ್ನಿ. ಡಬ್ಬಿ ಮೇಲಿನ '4×50 ವಾಟ್' ಅನ್ನು ಮಾತ್ರ ನಂಬಬೇಡಿ. ಹಿಂದೆ 10 ಆಂಪಿಯರ್ ಫ್ಯೂಸ್ ಇರುತ್ತದೆ. 12 ವೋಲ್ಟ್‌ಗೆ 10 ಆಂಪಿಯರ್ ಅಂದರೆ ಒಳಗೆ ಹೋಗುವುದೇ 120 ವಾಟ್, ಹೊರಗೆ 200 ಎಲ್ಲಿಂದ ಬರುತ್ತದೆ?

ಐದನೆಯದು ರೇಡಿಯೋನೇ ಇಲ್ಲದ ದಾರಿ. ಸೀಟಿನ ಹಿಂದೆ ಸಣ್ಣ ಬ್ಲೂಟೂತ್ ಆಂಪ್ಲಿಫೈಯರ್, ಡ್ಯಾಶ್ ಕೆಳಗೆ ಒಂದು ವಾಲ್ಯೂಮ್ ಗುಂಡಿ, ಹಾಡೆಲ್ಲ ಮೊಬೈಲಿನಿಂದ. ಏರಿಯಲ್ ಗೋಜೇ ಇಲ್ಲ. ಲಾರಿಯ ಮುಖಕ್ಕೆ ಒಂದು ಗೀರೂ ಬೀಳುವುದಿಲ್ಲ. ಶಿರಾಡಿ, ಚಾರ್ಮಾಡಿ ಇಳಿಯುವಾಗ ನೆಟ್‌ವರ್ಕ್ ಹೋದರೆ ಹಾಡೂ ಹೋಗುತ್ತದೆ, ಆದ್ದರಿಂದ ಮೊದಲೇ ಡೌನ್‌ಲೋಡ್ ಮಾಡಿಕೊಂಡಿರಿ. ಘಾಟಿಯಲ್ಲಿ ಎಫ್‌ಎಂ ಕತೆಯೂ ಅಷ್ಟೇ ಬಿಡಿ, ಗುಡ್ಡ ಅಡ್ಡ ಬಂದರೆ ಮುಗಿಯಿತು. ವರ್ಷಕ್ಕೆ ಎರಡು ಸಲ ಜಾತ್ರೆಗೋ ಮೆರವಣಿಗೆಗೋ ಲಾರಿ ತೆಗೆಯುವವರು ಇದನ್ನೂ ಮಾಡಬೇಕಿಲ್ಲ. ತನ್ನದೇ ಬ್ಯಾಟರಿ ಇರುವ ಬ್ಲೂಟೂತ್ ಸ್ಪೀಕರ್ ಒಂದನ್ನು ಡ್ಯಾಶ್ ಮೇಲಿಟ್ಟುಕೊಂಡರೆ ಸಾಕು. ಸುಮ್ನೆ ಯಾಕೆ ವೈರ್ ಎಳೆಯುವುದು?

ಸ್ಪೀಕರ್: ಮಾತು ಕೇಳಿಸಬೇಕು, ಎದೆ ನಡುಗಬೇಕಿಲ್ಲ

ಹಳೇ ಡೀಸೆಲ್ ಲಾರಿಯ ಕ್ಯಾಬಿನ್ನಿನಲ್ಲಿ ಇಂಜಿನ್ನೇ ದೊಡ್ಡ ಸ್ಪೀಕರ್. ಅದರ ಗುಡುಗುಡು ದಪ್ಪ ಸ್ವರವನ್ನೆಲ್ಲ ನುಂಗುತ್ತದೆ. ಬೇಸ್‌ಗೆ ದುಡ್ಡು ಸುರಿಯುವುದು ದಂಡ. ಮಾತು, ಕೊಳಲು, ಹಾಡಿನ ಸಾಹಿತ್ಯ ಬಿಡಿಸಿ ಕೇಳಿಸಬೇಕು, ಅಷ್ಟೇ ಗುರಿ. ಕೊಳ್ಳುವಾಗ ವಾಟ್ ನೋಡಬೇಡಿ, ಸೆನ್ಸಿಟಿವಿಟಿ ನೋಡಿ. ಡೆಸಿಬೆಲ್ ಲೆಕ್ಕದಲ್ಲಿ ಬರೆದಿರುತ್ತದೆ. 86 ಡೆಸಿಬೆಲ್‌ನ ಸ್ಪೀಕರ್ ಮಾಡುವ ಸದ್ದನ್ನು 92ರದ್ದು ಕಾಲು ಭಾಗ ಶಕ್ತಿಯಲ್ಲಿ ಮಾಡುತ್ತದೆ. ಡೈನಮೋ ನಂಬಿಕೊಂಡ ಲಾರಿಗೆ ಇದು ಸಣ್ಣ ಮಾತಲ್ಲ.

ಜಾಗದ ಮಾತಿಗೆ ಬಂದರೆ ನನ್ನ ಮತ ಮತ್ತೆ ಗಾಜಿನ ಮೇಲಿನ ಹಲಗೆಗೇ. 4 ಇಂಚಿನ ಎರಡು ಸ್ಪೀಕರ್, ಮುಖ ಕೆಳಗೆ. ಕಿವಿಗೆ ಹತ್ತಿರ, ಹಾಗಾಗಿ ಕಮ್ಮಿ ಸದ್ದಿನಲ್ಲೇ ಕೆಲಸ ಆಗುತ್ತದೆ. ಇಂಜಿನ್ ಸದ್ದು ಕೆಳಗಿನಿಂದ ಬಂದರೆ ಹಾಡು ಮೇಲಿನಿಂದ. ಸೀಟಿನ ಹಿಂದಿನ ಮರದ ಗೋಡೆ ಎರಡನೇ ಆಯ್ಕೆ. ಅಲ್ಲಿ 6×9 ಇಂಚಿನ ಮೊಟ್ಟೆಯಾಕಾರದ್ದೂ ಹಿಡಿಯುತ್ತದೆ, ಆದರೆ ಹಿಂದೆ ಡಬ್ಬಿ ಕಟ್ಟಿಸಬೇಕು, ಇಲ್ಲವಾದರೆ ಸ್ವರ ತೆಳುವಾಗುತ್ತದೆ. ಬಾಗಿಲು ಬೇಡ. ಹಳೇ ಬಾಗಿಲಿನೊಳಗೆ ಮಳೆನೀರು ಇಳಿಯುತ್ತದೆ, ಗಾಜು ಇಳಿಸಿದರೆ ಸ್ಪೀಕರ್ ಬೆನ್ನಿಗೆ ತಾಗುತ್ತದೆ, ಪ್ರತಿ ಸಲ ಧಡಾರ್ ಅಂತ ಹಾಕಿದಾಗಲೂ ಏಟು. ಕಾಲಿನ ಪಕ್ಕದ ತಗಡು ಸಣ್ಣ ಪಿಕಪ್‌ಗೆ ಪರವಾಗಿಲ್ಲ. ಬಾಗಿಲೇ ಇಲ್ಲದ, ತೆರೆದ ಗಾಡಿಯಾದರೆ ದೋಣಿಗೆ ಅಂತ ಮಾಡಿದ ಪ್ಲಾಸ್ಟಿಕ್ ಕೋನಿನ ಸ್ಪೀಕರ್ ತನ್ನಿ. ಕಾಗದದ ಕೋನು ಜೋರು ಕೇಳಿಸುತ್ತದೆ ನಿಜ, ಒಂದು ಮಳೆಗೆ ಹಪ್ಪಳವಾಗುತ್ತದೆ.

ಅಮೆರಿಕನ್ ಪಿಕಪ್‌ನ ಡ್ಯಾಶಿನಲ್ಲಿ ಒಂದೇ ಸ್ಪೀಕರ್ ಜಾಗ ಇರುತ್ತದೆ. ಅಲ್ಲಿಗೆ ಎರಡು ಕಾಯಿಲ್‌ನ ಒಂದು ಸ್ಪೀಕರ್ ಸಿಗುತ್ತದೆ, ಎಡ ಬಲ ಎರಡೂ ಅದರಲ್ಲೇ ಕೇಳುತ್ತವೆ. ಎಡದ ವೈರ್, ಬಲದ ವೈರ್ ಒಟ್ಟಿಗೆ ತಿರುಚಿ ಒಂದು ಸ್ಪೀಕರ್‌ಗೆ ಕೊಡುವುದು ಮಾತ್ರ ಬೇಡ, ಸೆಟ್ ಸುಡುತ್ತದೆ. ಹಳೇ ಗಾಡಿಗಳಲ್ಲಿ ಸ್ಪೀಕರ್‌ಗೆ ಒಂದೇ ವೈರ್ ಎಳೆದು ಇನ್ನೊಂದು ತುದಿಯನ್ನು ಬಾಡಿಗೆ ಕೊಟ್ಟಿರುವುದೂ ಉಂಟು. ಹೊಸ ಸೆಟ್‌ಗೆ ಅದೂ ಆಗದು. ಈಗಿನ ಸ್ಟೀರಿಯೋದ ಸ್ಪೀಕರ್ ಮೈನಸ್ ವೈರಿನಲ್ಲೂ ಕರೆಂಟ್ ಇರುತ್ತದೆ, ಬಾಡಿ ಮುಟ್ಟಬಾರದು. ಪ್ರತಿ ಸ್ಪೀಕರ್‌ಗೂ ಎರಡೆರಡು ಹೊಸ ವೈರ್ ಎಳೆಯಿರಿ.

ನಾನಾದರೆ ಯಾವುದು ಹಾಕುತ್ತಿದ್ದೆ

ಮರದ ಕ್ಯಾಬಿನ್ನಿನ ಟಾಟಾ ಅಥವಾ ಲೇಲ್ಯಾಂಡ್ ಆದರೆ ಯೋಚನೆಯೇ ಬೇಡ. ಮೇಲಿನ ಹಲಗೆಯಲ್ಲಿ ಸಾಮಾನ್ಯ ಸ್ಟೀರಿಯೋ, ಅಲ್ಲೇ ಎರಡು ಸ್ಪೀಕರ್, ಮಡ್‌ಗಾರ್ಡ್ ಮೇಲೆ ಕಡ್ಡಿ ಏರಿಯಲ್, 24 ಇದ್ದರೆ ಕನ್ವರ್ಟರ್. ಫಾರ್ಗೋ, ಡಾಡ್ಜ್ ಡ್ಯಾಶಿನಲ್ಲಿ ರೇಡಿಯೋ ತೂತು ಮೊದಲೇ ಇದ್ದರೆ ಹಳೇ ಮುಖದ ಹೊಸ ಸೆಟ್, ಜೊತೆಗೆ ಮೈನಸ್ ಅರ್ತ್‌ಗೆ ತಿರುಗಿಸುವ ಕೆಲಸ. 6 ವೋಲ್ಟ್ ಜೀಪಿಗೆ ಏನೂ ಕೊಯ್ಯದೆ ಬ್ಲೂಟೂತ್. ವಾಲ್ವ್ ಸೆಟ್ಟನ್ನು ಯಾರಿಗೆ ಹೇಳಲಿ? ಸೆಟ್ ಮೊದಲೇ ಗಾಡಿಯಲ್ಲಿದ್ದು, ಹಗಲು ಒಂದಾದರೂ ಮೀಡಿಯಂ ವೇವ್ ಸ್ಟೇಷನ್ ಸಿಗುವ ಊರಿನವರಾದರೆ ಖಂಡಿತ ಮಾಡಿಸಿ. ಕೂರಿಸಿದ ಮೇಲೆ ಏರಿಯಲ್ ಪ್ಲಗ್ ಪಕ್ಕದ ಸಣ್ಣ ಸ್ಕ್ರೂ ಮರೆಯಬೇಡಿ. ಡಯಲ್ಲಿನ 1400ರ ಕಡೆ ಕ್ಷೀಣವಾಗಿ ಕೇಳುವ ಸ್ಟೇಷನ್ ಹಿಡಿದು, ಸದ್ದು ಜಾಸ್ತಿ ಆಗುವ ತನಕ ಅದನ್ನು ಮೆಲ್ಲಗೆ ತಿರುಗಿಸಬೇಕು.

ವೈರಿಂಗ್ ಬಗ್ಗೆ ಎರಡೇ ಮಾತು. ಬ್ಯಾಟರಿಯಿಂದ ಹೊರಟ ವೈರಿಗೆ ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇರಲಿ, ಮರದ ಕ್ಯಾಬಿನ್ ಅನ್ನುವುದು ನೆನಪಿರಲಿ. ಸ್ಟೀರಿಯೋದ ಹಳದಿ ವೈರ್ ಗಡಿಯಾರ, ಮೆಮೊರಿಗೆ ಸದಾ ಸ್ವಲ್ಪ ಕರೆಂಟ್ ಎಳೆಯುತ್ತದೆ. 10 ಮಿಲಿಆಂಪಿಯರ್ ಆದರೂ ತಿಂಗಳಿಗೆ 7 ಆಂಪಿಯರ್-ಅವರ್ ಹೋಗುತ್ತದೆ. ತಿಂಗಳುಗಟ್ಟಲೆ ನಿಲ್ಲುವ ಲಾರಿಗೆ ಬ್ಯಾಟರಿ ಕಟ್ ಸ್ವಿಚ್ ಹಾಕಿಸಿ.

ಗೊರಗೊರ ಓಡಿಸುವುದು

ಎಲ್ಲ ಹಾಕಿ ಆಯಿತು, ಇಂಜಿನ್ ಶುರು ಮಾಡಿದ ಕೂಡಲೇ ಸದ್ದು. ಮೊದಲು ಏರಿಯಲ್ ಪ್ಲಗ್ ಕಿತ್ತು ನೋಡಿ. ಸದ್ದು ನಿಂತರೆ ಅದು ಏರಿಯಲ್ ದಾರಿಯಲ್ಲಿ ಬರುತ್ತಿದೆ, ಅರ್ತ್ ಮತ್ತೊಮ್ಮೆ ನೋಡಿ. ನಿಲ್ಲದಿದ್ದರೆ ಕರೆಂಟ್ ವೈರಿನಲ್ಲಿ ಬರುತ್ತಿದೆ. ರೇಸ್ ಕೊಟ್ಟ ಹಾಗೆ ಏರುವ ಕುಂಯ್ ಸದ್ದು ಡೈನಮೋದ್ದು. ಅದರ ದಪ್ಪ ವೈರಿನ ಟರ್ಮಿನಲ್‌ಗೆ ಒಂದು ಕಂಡೆನ್ಸರ್ ಹಾಕಿಸಿ. ಫೀಲ್ಡ್ ಟರ್ಮಿನಲ್‌ಗೆ ಅಪ್ಪಿತಪ್ಪಿಯೂ ಹಾಕಬಾರದು, ಕಟ್‌ಔಟ್ ಪಾಯಿಂಟ್ ಸುಟ್ಟುಹೋಗುತ್ತದೆ.

ಟಿಕ್ ಟಿಕ್ ಸದ್ದು ಪೆಟ್ರೋಲ್ ಗಾಡಿಗೆ ಮಾತ್ರ, ಪ್ಲಗ್ಗಿನ ಕಿಡಿ ಅದಕ್ಕೆ ಕಾರಣ. ಇಂಜಿನ್‌ಗೆ ಡೀಸೆಲ್ ಚಿಮ್ಮಿಸುವ, ಆಡುಗೋಡಿಯ ಮೈಕೋ ಪಂಪ್ ಕೂತ ಲಾರಿಯವರು ಆ ಮಟ್ಟಿಗೆ ಪುಣ್ಯವಂತರು, ಕಿಡಿಯೇ ಇಲ್ಲ. ಪೆಟ್ರೋಲಿನವರು ರೆಸಿಸ್ಟರ್ ಇರುವ ಪ್ಲಗ್ ಹಾಕಿ. ಎನ್‌ಜಿಕೆ ಆದರೆ ನಂಬರಿನಲ್ಲಿ 'ಆರ್' ಇರುತ್ತದೆ: ಬಿಪಿ5ಇಎಸ್ ಬದಲು ಬಿಪಿಆರ್5ಇಎಸ್. ಬಾನೆಟ್ ರಬ್ಬರ್ ಮೇಲೆ ಕೂತಿದ್ದರೆ ಅದಕ್ಕೂ ಚಾಸಿಗೂ ಒಂದು ತಾಮ್ರದ ಪಟ್ಟಿ ಕೊಡಿ, ಆಗ ಅದು ಕಿಡಿಯ ಸದ್ದನ್ನು ತಡೆಯುತ್ತದೆ.

ಡೀಸೆಲ್ಲಿನಲ್ಲೂ ಎಎಂ ಮಾತ್ರ ಗಿರ್ ಅನ್ನುತ್ತಿದ್ದರೆ ಅಗ್ಗದ ಕನ್ವರ್ಟರ್ ಅಥವಾ ಎಲ್‌ಇಡಿ ಹೆಡ್‌ಲೈಟ್ ಮೇಲೆ ಅನುಮಾನಪಡಿ. ಒಂದೊಂದಾಗಿ ಆರಿಸಿ ನೋಡಿದರೆ ಕಳ್ಳ ಸಿಗುತ್ತಾನೆ. ಕನ್ವರ್ಟರನ್ನು ತಗಡಿನ ಡಬ್ಬಿಯಲ್ಲಿ ಹಾಕಿ ರೇಡಿಯೋದಿಂದ ದೂರ ಇಟ್ಟರೆ ಬಹಳಷ್ಟು ಕಮ್ಮಿಯಾಗುತ್ತದೆ. ಗುಂಡಿಗೆ ಇಳಿದಾಗ ಮಾತ್ರ ಬರುವ ಪಟಪಟ ಎಲ್ಲೋ ಸಡಿಲವಾದ ಅರ್ತ್ ಬೋಲ್ಟ್. ವೈಪರ್ ಹಾಕಿದಾಗ ಮಾತ್ರ ಬರುವ ಸದ್ದಿಗೂ ಕಂಡೆನ್ಸರ್ ಇದೆ. ಆದರೆ ಅದರ ಹಿಂದೆ ಬೀಳಬೇಡಿ. ಹಳೇ ಲಾರಿಯ ತಗಡಿನ ಮೇಲೆ ಮಳೆ ಹೊಡೆಯುವಾಗ ರೇಡಿಯೋ ಹೇಗೂ ಕೇಳಿಸುವುದಿಲ್ಲ.